ಹನ್ನೆರಡು ವರ್ಷ ಟಿವಿ ನೋಡಿ ಗಿಡ ನೆಟ್ಟೆ: ಐದಕ್ಕೆ ಮೂರು ಸ್ಟಾರ್

ಮೊದಲೇ ಹೇಳಿಬಿಡುತ್ತೇನೆ, ನಾನು ಕೃಷಿಕಳಲ್ಲ. ಉಡುಪಿ ಹತ್ತಿರದ ಉದ್ಯಾವರದಲ್ಲಿ ಹತ್ತು ಸೆಂಟ್ಸ್ ಜಾಗ, ಒಂದು ಬಾವಿ, ನಾಲ್ಕು ತೆಂಗಿನಮರ, ಅಡುಗೆಮನೆ ಹಿಂದೆ ಬಸಳೆ ಚಪ್ಪರ, ಮೇಲೆ ಟೆರೇಸು. ಅಷ್ಟೇ. ಆದರೆ ಟಿವಿಯಲ್ಲಿ ಬರುವ ಕೈತೋಟದ ಕಾರ್ಯಕ್ರಮ ಒಂದನ್ನೂ ಬಿಟ್ಟವಳಲ್ಲ. ಬೆಳಗ್ಗೆ ನೀರುದೋಸೆ ಎರೆಯುತ್ತಾ ನೋಡಿದ್ದೇನೆ, ಮಧ್ಯಾಹ್ನ ಮರುಪ್ರಸಾರ ನೋಡಿದ್ದೇನೆ, ಕರೆಂಟ್ ಹೋದರೆ ಮೊಬೈಲಿನಲ್ಲಿ ನೋಡಿದ್ದೇನೆ. ಹಾಗಾಗಿ ವಿಮರ್ಶೆ ಬರೆಯುವ ಹಕ್ಕು ನನಗೆ ಉಂಟು ಅಂದುಕೊಂಡಿದ್ದೇನೆ.

ನಮ್ಮ ಮನೆಯಲ್ಲೇ ಈ ಬಗ್ಗೆ ಮೂರು ಅಭಿಪ್ರಾಯ. ಅತ್ತೆಗೆ ಈ ಕಾರ್ಯಕ್ರಮಗಳು ಕಂಡರೇ ಆಗುವುದಿಲ್ಲ. ನಿರೂಪಕಿಯನ್ನು ನೋಡಿ, "ಉಗುರಲ್ಲಿ ಮಣ್ಣೇ ಇಲ್ಲ, ಇವಳೆಂತ ತೋಟ ಮಾಡುವುದು" ಅಂತ ಎದ್ದು ಹೋಗುತ್ತಾರೆ. ಗಂಡನಿಗೆ ತುಂಬಾ ಇಷ್ಟ, ಆದರೆ ಅವರು ಈವರೆಗೆ ಒಂದು ಗಿಡಕ್ಕೂ ನೀರು ಹಾಕಿದವರಲ್ಲ. ಹಸಿರು ನೋಡಿದರೆ ತಲೆ ಹಗುರ ಆಗುತ್ತದಂತೆ. ನಾನು ಇಬ್ಬರ ಮಧ್ಯೆ, ಕೈಯಲ್ಲಿ ಪುಸ್ತಕ ಪೆನ್ನು ಹಿಡಿದು ಕೂತವಳು. ಎಷ್ಟು ಹಿಡಿ ಗೊಬ್ಬರ, ಎಷ್ಟು ದಿನಕ್ಕೊಮ್ಮೆ ನೀರು, ಎಲ್ಲ ಬರೆದುಕೊಳ್ಳುತ್ತಿದ್ದೆ.

ಹಾಗೆ ಬರೆದುಕೊಂಡೇ ಕೆಟ್ಟೆ.

ಒಂದು ಚಾನೆಲ್‌ನಲ್ಲಿ (ಹೆಸರು ಬೇಡ) ಟೆರೇಸ್ ತೋಟದ ಸರಣಿ ಬರುತ್ತಿತ್ತು. ಒಂದು ಪಾಲು ಮಣ್ಣು, ಒಂದು ಪಾಲು ಕೊಕೊಪೀಟ್ (ತೆಂಗಿನ ಸಿಪ್ಪೆಯ ಪುಡಿ), ಒಂದು ಪಾಲು ಕಾಂಪೋಸ್ಟ್, ಚೀಲಕ್ಕೆ ತುಂಬಿಸಿ, ಸಸಿ ನೆಡಿ, ಮುಗಿಯಿತು. ಬಿತ್ತುವುದರಿಂದ ಕೊಯ್ಯುವವರೆಗೆ ಹನ್ನೆರಡು ನಿಮಿಷ. ಮಧ್ಯೆ ಒಂದು ಎಲೆಯೂ ಹಳದಿ ಆಗಲಿಲ್ಲ ಮಾರಾಯ್ರೆ! ನಾನು ಹದಿನೆಂಟು ಚೀಲ ತಂದೆ. ಟೊಮೆಟೊ ಹನ್ನೆರಡು, ದೊಣ್ಣೆಮೆಣಸು ಆರು. ಮೇ ಕೊನೆಯಲ್ಲಿ, ಪತ್ತನಾಜೆ (ನಮ್ಮಲ್ಲಿ ಕೋಲ, ಯಕ್ಷಗಾನ ಎಲ್ಲ ಮಳೆಗಾಲಕ್ಕೆ ನಿಲ್ಲುವ ದಿನ) ಕಳೆದ ಮೇಲೆ ನೆಟ್ಟೆ, ಮಳೆ ಬಂದರೆ ನೀರು ಹಾಕುವ ಕೆಲಸ ತಪ್ಪುತ್ತದಲ್ಲ ಅಂತ ಒಂದು ಸೋಮಾರಿ ಲೆಕ್ಕ.

ಕೊಕೊಪೀಟ್ ತನ್ನ ತೂಕದ ಏಳೆಂಟು ಪಟ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ. ಬೆಂಗಳೂರಿನ ಟೆರೇಸಿಗೆ ಅದು ವರ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಹೆಚ್ಚುಕಡಿಮೆ ಸಾವಿರ ಮಿಲಿಮೀಟರ್. ನಮಗೆ ಉಡುಪಿಯಲ್ಲಿ ವರ್ಷಕ್ಕೆ ನಾಲ್ಕು ಸಾವಿರದ ಹತ್ತಿರ, ಜುಲೈ ಒಂದೇ ತಿಂಗಳು ಸಾವಿರ ದಾಟುತ್ತದೆ. ಅಂದರೆ ಅವರ ಇಡೀ ವರ್ಷದ ಮಳೆ ನನ್ನ ಚೀಲಗಳ ಮೇಲೆ ಒಂದೇ ತಿಂಗಳಲ್ಲಿ ಬಿತ್ತು. ಆಟಿ (ಜುಲೈ ಮಧ್ಯದಲ್ಲಿ ಶುರುವಾಗುವ ತುಳು ತಿಂಗಳು) ಬರುವಾಗ ದೊಣ್ಣೆಮೆಣಸಿನ ಬೇರು ಬೆಂದ ಶ್ಯಾವಿಗೆ ಹಾಗೆ ಕೈಗೆ ಬಂತು. ಆ ಕಾರ್ಯಕ್ರಮದಲ್ಲಿ ಆ ವಾರ ಏನು ತೋರಿಸಿದರು ಗೊತ್ತಾ? ಬೇಸಿಗೆಯಲ್ಲಿ ಗಿಡಕ್ಕೆ ನೆರಳು ಮಾಡುವುದು ಹೇಗೆ ಅಂತ. ಹಳೆಯ ಕಂತು, ಮರುಪ್ರಸಾರ.

ಟೊಮೆಟೊದ ಕಥೆ ಬೇರೆ. ಅದು ಕೊಳೆಯಲಿಲ್ಲ. ಬೆಳಗ್ಗೆ ಚೆನ್ನಾಗಿ ನಿಂತಿದ್ದ ಗಿಡ ಮಧ್ಯಾಹ್ನಕ್ಕೆ ಹಸಿರು ಹಸಿರಾಗಿಯೇ ತಲೆ ಬಾಗಿಸಿತು, ಸಂಜೆ ಸ್ವಲ್ಪ ಎದ್ದಿತು, ಮರುದಿನ ಪೂರ್ತಿ ಜೋತುಬಿತ್ತು. ಎಲೆ ಹಳದಿ ಇಲ್ಲ, ಹುಳ ಇಲ್ಲ. ನೀರು ಕಮ್ಮಿ ಆಯಿತಾ ಅಂತ ಜಡಿಮಳೆಯಲ್ಲಿ ಕೊಡೆ ಹಿಡಿದು ನೀರು ಹಾಕಿದವಳು ನಾನು. ನಗಬೇಡಿ.

ಉತ್ತರ ಸಿಕ್ಕಿದ್ದೂ ಟಿವಿಯಲ್ಲೇ, ಆದರೆ ನಾನು ಅಲ್ಲಿಯವರೆಗೆ ಬೋರು ಅಂತ ಬದಲಿಸುತ್ತಿದ್ದ ಚಾನೆಲ್‌ನಲ್ಲಿ. ದೂರದರ್ಶನದಲ್ಲಿ ಕೃಷಿ ದರ್ಶನ ಶುರುವಾದದ್ದು 1967ರ ಜನವರಿ 26ಕ್ಕೆ, 2015ರಲ್ಲಿ ರೈತರಿಗಾಗಿಯೇ ಡಿಡಿ ಕಿಸಾನ್ ಚಾನೆಲ್ ಬಂತು. ಈ ದೂರದರ್ಶನದ ಕೃಷಿ ಕಾರ್ಯಕ್ರಮಗಳ ಶೈಲಿ ನಿಮಗೆ ಗೊತ್ತೇ ಇದೆ. ಒಂದು ಮೇಜು, ಪ್ಲಾಸ್ಟಿಕ್ ಹೂವು, ಇಸ್ತ್ರಿ ಮಾಡಿದ ಅಂಗಿ ಹಾಕಿದ ವಿಜ್ಞಾನಿ, "ರೈತ ಬಾಂಧವರೇ". ಅವತ್ತು ರಿಮೋಟು ಕೈಗೆ ಸಿಗಲಿಲ್ಲ, ಅದಕ್ಕೆ ನೋಡಿದೆ. ಅವರು ಒಂದು ಬಾಡಿದ ಟೊಮೆಟೊ ಗಿಡ ಎತ್ತಿದರು. ಬುಡದ ಹತ್ತಿರ ಕಾಂಡ ಕತ್ತರಿಸಿ, ಗಾಜಿನ ಲೋಟದ ನೀರಿನಲ್ಲಿ ತುದಿ ಮಾತ್ರ ಮುಳುಗುವ ಹಾಗೆ ಹಿಡಿದರು. ಮಾತಿಲ್ಲದೆ ಹಿಡಿದೇ ಇದ್ದರು. ಬೇರೆ ಯಾವ ಚಾನೆಲ್ ಅಷ್ಟು ಹೊತ್ತು ಸುಮ್ನೆ ಇರುತ್ತದೆ ಹೇಳಿ? ಆಮೇಲೆ ಕಾಂಡದ ತುದಿಯಿಂದ ಹಾಲಿನ ಎಳೆ ಹಾಗೆ ಬೆಳ್ಳಗೆ ಒಂದು ದಾರ ಕೆಳಗಿಳಿಯಿತು.

ನಾನು ಒಲೆ ಆರಿಸಿ ಟೆರೇಸಿಗೆ ಓಡಿದೆ. ಕಾಫಿ ಲೋಟ, ಕತ್ತರಿ, ಒಂದು ಗಿಡ. ಎರಡು ಮೂರು ನಿಮಿಷದಲ್ಲಿ ಅದೇ ಬಿಳಿ ದಾರ, ತೆಳ್ಳಗೆ, ಹೊಗೆ ಇಳಿದ ಹಾಗೆ. ಕಾಂಡದೊಳಗೆ ತುಂಬಿದ ಬ್ಯಾಕ್ಟೀರಿಯಾ ಹೊರಗೆ ಬರುವುದು ಅದು. ದುಂಡಾಣು ಸೊರಗು ರೋಗ. ಮಣ್ಣಿನಲ್ಲೇ ವರ್ಷಗಟ್ಟಲೆ ಇರುತ್ತದೆ, ನೀರಿನ ಜೊತೆ ಹರಿದು ಪಕ್ಕದ ಗಿಡಕ್ಕೆ ಹೋಗುತ್ತದೆ, ಮೇಲಿಂದ ಏನು ಸಿಂಪಡಿಸಿದರೂ ಗುಣವಾಗುವುದಿಲ್ಲ. ಬಿಸಿ, ತೇವ, ಹುಳಿ ಮಣ್ಣು ಮೂರೂ ಸೇರಿದ ನಮ್ಮ ಕರಾವಳಿ ಅದಕ್ಕೆ ತವರುಮನೆ. ಪ್ರತಿ ಚೀಲಕ್ಕೆ ಒಂದು ಪಾಲು ಅಂತ ನಾನು ಹಾಕಿದ್ದು ಹಿತ್ತಿಲಿನ ಮಣ್ಣೇ ಅಲ್ವಾ! ರೋಗವನ್ನು ಕೈಯಾರೆ ಮೆಟ್ಟಿಲು ಹತ್ತಿಸಿದ್ದೆ.

ಅವತ್ತಿನಿಂದ ನನ್ನ ಅಳತೆಗೋಲು ಬದಲಾಯಿತು. ಸತ್ತ ಗಿಡ ತೋರಿಸದ ಕಾರ್ಯಕ್ರಮವನ್ನು ನಾನು ನಂಬುವುದಿಲ್ಲ. ನೋಡುತ್ತೇನೆ, ಆದರೆ ಪುಸ್ತಕ ತೆರೆಯುವುದಿಲ್ಲ.

2019ರಲ್ಲಿ ಮಗಳ ಮನೆಗೆ ಇಂಗ್ಲೆಂಡಿಗೆ ಹೋಗಿದ್ದಾಗ ಅಲ್ಲಿಯ ಗಾರ್ಡನರ್ಸ್ ವರ್ಲ್ಡ್ ನೋಡುವ ಭಾಗ್ಯ ಸಿಕ್ಕಿತು. ಬಿಬಿಸಿಯದ್ದು, 1968ರಿಂದ ಬರುತ್ತಿದೆ, ಶುಕ್ರವಾರ ರಾತ್ರಿ. ನಡೆಸಿಕೊಡುವವರು ಮಾಂಟಿ ಡಾನ್, ಲಾಂಗ್‌ಮೆಡೋ ಅನ್ನುವ ತಮ್ಮ ಮನೆಯ ತೋಟದಿಂದಲೇ. ಜೊತೆಗೆ ನೈಜೆಲ್ ಅಂತ ಒಂದು ನಾಯಿ, ಬಾಯಲ್ಲಿ ಚೆಂಡು ಕಚ್ಚಿಕೊಂಡು ಎಲ್ಲ ಕಡೆ ಓಡಾಡುತ್ತಿತ್ತು. ಅಲ್ಲಿಯೂ ನಮ್ಮ ಮನೆಯದೇ ಜಗಳ. ಮಗಳಿಗೆ ನಾಯಿ ಬೇಕು, ಹೂವು ಬೇಕು, ವಾರದ ದಣಿವು ಇಳಿಯಬೇಕು. ಅಳಿಯನಿಗೆ ಸಿಟ್ಟು, "ಇಡೀ ಕಾರ್ಯಕ್ರಮದಲ್ಲಿ ಕಲಿಸಿದ್ದು ಎರಡೇ ನಿಮಿಷ" ಅಂತ. ನನಗೆ ಇಷ್ಟವಾದದ್ದು ಬೇರೆಯೇ. ಅವರ ತೋಟದ ಬಾಕ್ಸ್ ಗಿಡದ ಬೇಲಿಗಳಿಗೆ ರೋಗ ಬಂದು ಕಿತ್ತೆಸೆಯಬೇಕಾಗಿ ಬಂದಾಗ ಅದನ್ನೂ ಕ್ಯಾಮೆರಾ ಮುಂದೆಯೇ ಹೇಳಿಕೊಂಡವರು ಅವರು. ಅಷ್ಟು ವರ್ಷ ಕತ್ತರಿಸಿ ಬೆಳೆಸಿದ ಬೇಲಿ! ನಮ್ಮಲ್ಲಿ ಆಗಿದ್ದರೆ ರಾತ್ರೋರಾತ್ರಿ ಹೊಸ ಕುಂಡ ತಂದಿಟ್ಟು ಶೂಟಿಂಗ್ ಮಾಡುತ್ತಿದ್ದರೋ ಏನೋ. ಕೃಷಿ ಮಾಹಿತಿ ಮಾತ್ರ ನನ್ನ ಉಪಯೋಗಕ್ಕೆ ಸೊನ್ನೆ. ಲಂಡನ್‌ಗೆ ವರ್ಷಕ್ಕೆ ಆರುನೂರು ಮಿಲಿಮೀಟರ್ ಮಳೆ, ಅದನ್ನೇ ಅವರು ಮಳೆ ಮಳೆ ಅಂತ ಗೊಣಗುವುದು.

ನಮ್ಮ ಚಾನೆಲ್‌ಗಳ ಮೇಲೆ ಇನ್ನೊಂದು ದೂರು ಉಂಟು. ಗುಲಾಬಿ, ಆರ್ಕಿಡ್, ಬೊನ್ಸಾಯಿ ಎಷ್ಟು ಸಲ ಬಂತೋ ಲೆಕ್ಕ ಇಲ್ಲ. ಇಲ್ಲೇ ಕಟಪಾಡಿ ಹತ್ತಿರ ಮಟ್ಟುವಿನಲ್ಲಿ ಗುಳ್ಳ (ದುಂಡು ಬದನೆ) ಬೆಳೆಯುತ್ತಾರೆ, ಶಂಕರಪುರದಲ್ಲಿ ಮನೆ ಮನೆಯಲ್ಲಿ ಮಲ್ಲಿಗೆ. ಎರಡಕ್ಕೂ ಭೌಗೋಳಿಕ ಸೂಚ್ಯಂಕದ (ಜಿಐ ಟ್ಯಾಗ್) ಮಾನ್ಯತೆ ಉಂಟು. ಮಲ್ಲಿಗೆಯ ಒಂದು ಚೆಂಡಿಗೆ ಎಂಟುನೂರು ಹೂವು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಬೆಳಕು ಹರಿಯುವ ಮೊದಲೇ ಹೆಂಗಸರು ಕೊಯ್ದು ಬಾಳೆನಾರಿನಲ್ಲಿ ಕಟ್ಟುತ್ತಾರೆ. ತೋರಿಸಿದರೂ ಬರೀ ದರದ ಸುದ್ದಿ. ಆ ಗಿಡದ ಬುಡಕ್ಕೆ ಏನು ಹಾಕುತ್ತಾರೆ, ಮಳೆಗಾಲದಲ್ಲಿ ಹೇಗೆ ಉಳಿಸಿಕೊಳ್ಳುತ್ತಾರೆ ಅಂತ ಕುಳಿತು ತೋರಿಸಿದ್ದು ನಾನು ನೋಡಿಲ್ಲ.

ಸುಡುಮಣ್ಣೂ ಹಾಗೆಯೇ. ತರಗೆಲೆ, ಒಣ ಕಡ್ಡಿ, ಬೆರಣಿ ಒಟ್ಟಿ, ಮೇಲಿಂದ ಮಣ್ಣು ಮುಚ್ಚಿ, ಒಳಗೊಳಗೇ ದಿನಗಟ್ಟಲೆ ಹೊಗೆಯಾಡಲು ಬಿಡುವುದು. ಅತ್ತೆ ಪ್ರತಿ ಬೇಸಿಗೆ ಮಾಡುತ್ತಾರೆ, ಬಸಳೆಗೆ ಅದೇ ಗೊಬ್ಬರ. ನಾನು ಹೊಗೆ ಅಂತ ಕಿಟಕಿ ಹಾಕಿ ಟಿವಿ ನೋಡುತ್ತಿದ್ದೆ. ಸುಟ್ಟ ಮಣ್ಣಿನಲ್ಲಿ ರೋಗಾಣು ಕಮ್ಮಿ ಆಗುತ್ತದೆ, ಬೂದಿ ಸೇರಿ ಹುಳಿ ಇಳಿಯುತ್ತದೆ. ಅದೇ ನನ್ನ ಟೊಮೆಟೊಗೆ ಬೇಕಿದ್ದದ್ದು. ಅತ್ತೆಗೆ ಇದನ್ನು ಹೇಳಿದರೆ, "ಟಿವಿಯಲ್ಲಿ ಬಂತಾ?" ಅಂತ ಕೇಳಿದರು.

ಈಗ ಹೇಗಿದೆ ಅಂದರೆ, ಅಕ್ಟೋಬರಿನಿಂದ ಮೇವರೆಗೆ ಟಿವಿ ಮಾತು ಕೇಳುತ್ತೇನೆ. ಗಿಡ ಚಿವುಟುವುದು, ಕಸಿ ಕಟ್ಟುವುದು, ಇಂಥ ಕೈಚಳಕ ಕಣ್ಣಲ್ಲಿ ನೋಡಿಯೇ ಕಲಿಯಬೇಕು, ಅದರಲ್ಲಿ ಟಿವಿಯನ್ನು ಮೀರಿಸಿದ್ದಿಲ್ಲ. ಅದಕ್ಕೇ ಮೂರು ಸ್ಟಾರ್. ಜೂನ್ ಬಂತೆಂದರೆ ಅತ್ತೆಯ ಮಾತು. ಮಳೆಗಾಲಕ್ಕೆ ಬೆಂಡೆ, ಹೀರೆ, ಹರಿವೆ, ಕೆಸು, ಬೇರೆ ಎಂತದೂ ಬೇಡ.

ಟೊಮೆಟೊ ಪೂರ್ತಿ ಬಿಟ್ಟಿಲ್ಲ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಅರ್ಕಾ ರಕ್ಷಕ್ ತಳಿ ಸೊರಗು ರೋಗ ತಡೆಯುತ್ತದೆ, ಅದರ ಬೀಜ ತರಿಸಿದೆ. ಇನ್ನು ಮೂರು ಗಿಡ ಕುದನೆ ಅನ್ನುವ ಕಾಡುಬದನೆಯ ಬುಡಕ್ಕೆ ಕಸಿ ಕಟ್ಟಿದ್ದು, ಟಿವಿ ನೋಡಿಯೇ. ಹಿತ್ತಿಲಿನಲ್ಲಿ ಸುಡುಮಣ್ಣು ಹಾಕಿ ನೆಟ್ಟೆ. ಹೋದ ವಾರ ಅದರಲ್ಲೊಂದು ಬಾಡಿತು. ಎದೆ ಡವಗುಟ್ಟುತ್ತಾ ಕಾಂಡ ಕತ್ತರಿಸಿ ಲೋಟದಲ್ಲಿ ಹಿಡಿದೆ. ಐದು ನಿಮಿಷ, ಹತ್ತು ನಿಮಿಷ. ನೀರು ತಿಳಿಯಾಗಿಯೇ ಇತ್ತು. ಬುಡ ಅಗೆದು ನೋಡಿದರೆ ಹೆಗ್ಗಣದ ಬಿಲ. ಹೆಗ್ಗಣದ ಬಗ್ಗೆ ಹನ್ನೆರಡು ವರ್ಷದಲ್ಲಿ ನಾನು ನೋಡಿದ ಒಂದು ಕಾರ್ಯಕ್ರಮದಲ್ಲೂ ಬಂದಿಲ್ಲ.