ಕಡ್ಡಿಗೆ ಬೇರು ಬರಿಸಲು: ಐಬಿಎ, ಎನ್‌ಎಎ, ಐಎಎ – ಯಾವುದು ತರುವುದು?

ಮೂರೂ ಆಕ್ಸಿನ್‌ಗಳೇ, ಅಂದರೆ ಗಿಡದ ಬೆಳವಣಿಗೆ ನಡೆಸುವ ಒಂದೇ ಗುಂಪಿನ ಹಾರ್ಮೋನುಗಳು. ಕಡ್ಡಿಯ ಬುಡದಲ್ಲಿ ಹೊಸ ಬೇರಿನ ಮೊಳಕೆ ಹುಟ್ಟಿಸುವುದು ಇವುಗಳ ಕೆಲಸ.

ಐಎಎ ಗಿಡವೇ ತಯಾರಿಸಿಕೊಳ್ಳುವ ಹಾರ್ಮೋನು. ಆದರೆ ಬೆಳಕಿಗೂ ಗಿಡದ ಕಿಣ್ವಗಳಿಗೂ ಬೇಗ ಕೆಡುತ್ತದೆ, ನರ್ಸರಿಗೆ ದಂಡ.

ಐಬಿಎ ಅಷ್ಟು ಬೇಗ ಕೆಡದೆ ಬುಡದಲ್ಲೇ ನಿಲ್ಲುತ್ತದೆ, ಹೆಚ್ಚು ಜಾತಿಗಳಿಗೆ ಒಗ್ಗುತ್ತದೆ. ಪೊದೆಯಾಗಿ ಬೆಳೆಸುವ ಕಾಳುಮೆಣಸಿನ ಅಡ್ಡರೆಂಬೆಗಳನ್ನು 1000 ಪಿಪಿಎಂ (ಲೀಟರಿಗೆ 1 ಗ್ರಾಂ) ದ್ರಾವಣದಲ್ಲಿ 45 ಸೆಕೆಂಡು ಅದ್ದಿದರೆ ಸಾಕು. ಪುಡಿ ನೇರ ನೀರಿಗೆ ಹಾಕಿದರೆ ಕರಗದು, ತಳದಲ್ಲಿ ಕೂರುತ್ತದೆ. 100 ಮಿಲಿಗ್ರಾಂ ಪುಡಿಯನ್ನು 50 ಮಿ.ಲೀ. ಆಲ್ಕೋಹಾಲಿನಲ್ಲಿ ಪೂರ್ತಿ ಕರಗಿಸಿ, ಆಮೇಲೆ ಕಲಕುತ್ತಾ ನೀರು ಸೇರಿಸಿ 100 ಮಿ.ಲೀ. ಮಾಡಿ. ಹಾಲಿನಂತೆ ಕದಡಿದರೆ ಪುಡಿ ಹೊರಬಿದ್ದಿದೆ ಎಂದರ್ಥ; ಇನ್ನಷ್ಟು ಆಲ್ಕೋಹಾಲ್ ಬೇಕು.

ಎನ್‌ಎಎ ಗಟ್ಟಿಗ, ಅಗ್ಗ. ಹೂ ಉದುರದಿರಲು ಸಿಂಪಡಿಸುವ 4.5% ದ್ರಾವಣ ಗೊಬ್ಬರದಂಗಡಿಯಲ್ಲೇ ಸಿಗುತ್ತದೆ. ಲೀಟರಿಗೆ 11 ಮಿ.ಲೀ. ಹಾಕಿದರೆ ಸುಮಾರು 500 ಪಿಪಿಎಂ. ತೊಂದರೆ ಏನೆಂದರೆ ಎಳೆ ಕಡ್ಡಿಗೆ ಸ್ವಲ್ಪ ಹೆಚ್ಚಾದರೂ ಬುಡ ಕಪ್ಪಾಗುತ್ತದೆ, ಇಲ್ಲವೇ ಗಂಟುಗಟ್ಟಿ ಮೋಟುಬೇರು ಬರುತ್ತದೆ. ಆಕ್ಸಿನ್ ಅತಿಯಾದರೆ ಗಿಡದಲ್ಲಿ ಎಥಿಲೀನ್ ಎಂಬ ಅನಿಲ ಹೆಚ್ಚಿ ಬೇರು ಉದ್ದವಾಗುವುದು ನಿಲ್ಲುವುದೇ ಇದಕ್ಕೆ ಕಾರಣ.

ಒಂದೇ ಕೊಳ್ಳುವುದಾದರೆ ಐಬಿಎ ಕೊಳ್ಳಿ. ದಾಸವಾಳದಂಥ ಸುಲಭದ ಗಿಡಕ್ಕೆ ಅದೂ ಬೇಡ. ಸೈಟೋಕೈನಿನ್ (ಚಿಗುರು ಹೊಡೆಸುವ ಹಾರ್ಮೋನು) ಇರುವ ಚಿಗುರು ವರ್ಧಕಗಳನ್ನಂತೂ ಜೊತೆಗೆ ಬೆರೆಸಲೇಬೇಡಿ, ಚಿಗುರು ಬಂದು ಬೇರು ಬರದೆ ಕಡ್ಡಿ ಒಣಗುತ್ತದೆ.