ನೋಡಲು ಬಿಡದ ಟ್ರೇನರ್ ಹತ್ತಿರ ನಾಯಿಯನ್ನು ಬಿಡಬೇಡಿ

ನಮ್ಮ ಕೆಂಚ ಬೀದಿಯಿಂದ ತಂದು ಸಾಕಿದವನು. ಎರಡು ವರ್ಷ. ಲಿಫ್ಟ್ ಬಾಗಿಲು ಸದ್ದಾದರೆ, ಡೆಲಿವರಿ ಹುಡುಗರು ಬೆಲ್ ಒತ್ತಿದರೆ ಒಂದೇ ಸಮ ಬೊಗಳುತ್ತಿದ್ದ. ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ದೂರು ಜಾಸ್ತಿಯಾಯಿತು. ಪರಿಚಯದವರೊಬ್ಬರು ಟ್ರೇನರ್ ನಂಬರ್ ಕೊಟ್ಟರು. "15 ದಿನ ನನ್ನ ಹತ್ರ ಬಿಡಿ ಸರ್, ಬೇರೆ ನಾಯಿನೇ ವಾಪಸ್ ಕೊಡ್ತೀನಿ" ಎಂದರು ಟ್ರೇನರ್. 18,000 ರೂಪಾಯಿ, ಪೂರ್ತಿ ಮುಂಗಡ. ನಡುವೆ ಒಂದ್ಸಲ ಬಂದು ನೋಡಬಹುದಾ ಎಂದು ಕೇಳಿದೆ. "ಬೇಡ, ನಿಮ್ಮ ಮುಖ ನೋಡಿದ್ರೆ ಕಲಿತಿದ್ದೆಲ್ಲ ಮರೆತುಬಿಡುತ್ತೆ" ಎಂದರು. ಅಲ್ಲೇ ನಾನು ಎದ್ದು ಬರಬೇಕಿತ್ತು.

ದಿನಾ ಸಂಜೆ ಚಿಕ್ಕ ವಿಡಿಯೊ ಬರುತ್ತಿತ್ತು. ಕೂರು ಅಂದರೆ ಕೂರುತ್ತಿದ್ದ, ನಮಗೆ ಖುಷಿಯೋ ಖುಷಿ. ಈಗ ಅದೇ ವಿಡಿಯೊ ನೋಡಿದರೆ ಹೊಟ್ಟೆ ಉರಿಯುತ್ತದೆ: ಕಿವಿ ಹಿಂದಕ್ಕೆ ಮಲಗಿದೆ, ಬಾಲ ಹೊಟ್ಟೆಯಡಿ ಸೇರಿದೆ, ಸುಮ್ಮಸುಮ್ಮನೆ ತುಟಿ ನೆಕ್ಕಿಕೊಳ್ಳುತ್ತಿದ್ದಾನೆ.

ಮನೆಗೆ ಬಂದ ಕೆಂಚ ಬೊಗಳಲಿಲ್ಲ. ಮರುದಿನ ವಾಕಿಂಗಿಗೆ ಅಂತ ಮೊಳೆಯಿಂದ ಬೆಲ್ಟ್ ತೆಗೆದೆ, ಬಕಲ್ ಗೋಡೆಗೆ ತಾಗಿ ಟಣ್ ಅಂತು, ಅಷ್ಟಕ್ಕೇ ಅವನು ನೆಲಕ್ಕೆ ಅಂಟಿಕೊಂಡು ಮಲಗಿ ಅಲ್ಲೇ ಉಚ್ಚೆ ಹೊಯ್ದುಕೊಂಡ. ಅದೇ ಬೆಲ್ಟ್ ಕಂಡರೆ ಕುಣಿಯುತ್ತಿದ್ದವನು! ಡಾಕ್ಟರ್ ಕತ್ತಿನ ಕೂದಲು ಬಿಡಿಸಿ ತೋರಿಸಿದರು. ಮೆಣಸಿನಕಾಳಿನಷ್ಟು ದಪ್ಪದ ಒಣಗಿದ ಗಾಯಗಳು, ಸಾಲಾಗಿ. ಮುಳ್ಳಿನ ಕಾಲರ್ ಹಾಕಿ ಎಳೆದ ಗುರುತು.

ಹತ್ತು ದಿನ ಕಳೆದ ಮೇಲೆ ಅಪ್ಪನ ಕೈ ಕಚ್ಚಿದ. ಅಪ್ಪ ಅವನ ಕತ್ತು ಸವರಲು ಹೋಗಿದ್ದರು, ಅಷ್ಟೇ. ಮೊದಲೆಲ್ಲ ಇಷ್ಟವಾಗದಿದ್ದರೆ ಗುರ್ ಅನ್ನುತ್ತಿದ್ದ, ನಾವು ಕೈ ತೆಗೆಯುತ್ತಿದ್ದೆವು. ಗುರ್ ಅನ್ನುವುದು ನಾಯಿ ಕೊಡುವ ಎಚ್ಚರಿಕೆ. ಅದಕ್ಕೆ ಹೊಡೆದರೆ ಸದ್ದು ನಿಲ್ಲುತ್ತದೆ, ಭಯ ಒಳಗೇ ಉಳಿಯುತ್ತದೆ, ಆಮೇಲೆ ಸೀದಾ ಹಲ್ಲೇ ಬರುತ್ತದೆ. ಅಪ್ಪ ರೇಬೀಸ್ ಇಂಜೆಕ್ಷನ್‌ಗೆ ಓಡಾಡಬೇಕಾಯಿತು.

ಫೋನ್ ಮಾಡಿದರೆ ಟ್ರೇನರ್ ಹೇಳಿದ್ದು, "ತೋಳದ ಗುಂಪಲ್ಲಿ ಒಬ್ಬನೇ ಲೀಡರ್ ಸರ್, ನೀವು ಬಗ್ಗಿಸಬೇಕು." ಈ ಮಾತು ಹುಟ್ಟಿದ್ದು ಬೋನಿನಲ್ಲಿಟ್ಟ ತೋಳಗಳನ್ನು ನೋಡಿ. ಇದನ್ನು ಜನಪ್ರಿಯ ಮಾಡಿದವರಲ್ಲಿ ಒಬ್ಬರಾದ ಡೇವಿಡ್ ಮೀಚ್ ಎಂಬ ವಿಜ್ಞಾನಿಯೇ, ಕಾಡಿನ ತೋಳದ ಗುಂಪೆಂದರೆ ಅಪ್ಪ, ಅಮ್ಮ, ಮರಿಗಳ ಸಂಸಾರ ಎಂದು 1999ರಲ್ಲಿ ಬರೆದರು. ಇನ್ನೂ ಅದೇ ಹೆಸರಲ್ಲಿ ನಾಯಿಗಳು ಹೊಡೆತ ತಿನ್ನುತ್ತಿವೆ.

ನಮ್ಮಲ್ಲಿ ಯಾರು ಬೇಕಾದರೂ ಟ್ರೇನರ್ ಅಂತ ಬೋರ್ಡ್ ಹಾಕಬಹುದು, ಅದಕ್ಕೆ ಸರ್ಕಾರದ ಲೈಸೆನ್ಸ್ ಅಂತ ಇಲ್ಲ. ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರದ್ದು. ಮೊದಲ ಸಲದ ತಪ್ಪಿಗೆ ಅದರಲ್ಲಿರುವ ದಂಡ 10ರಿಂದ 50 ರೂಪಾಯಿ. ಹಾಗಾಗಿ ನಾಯಿ ಬಿಡುವ ಮೊದಲೇ ನಾವು ಕೇಳಬೇಕು. ನಾಯಿ ತಪ್ಪು ಮಾಡಿದರೆ ಏನು ಮಾಡ್ತೀರಿ? ಯಾವ ಕಾಲರ್ ಬಳಸ್ತೀರಿ? ಎಲ್ಲಿ ಕಲಿತಿರಿ? ಬೇರೆ ನಾಯಿಯ ಕ್ಲಾಸ್ ಒಂದನ್ನು ಕೂತು ನೋಡಬಹುದಾ? ಎಳೆದರೆ ಕತ್ತು ಬಿಗಿಯುವ ಚೋಕ್ ಚೈನ್, ಕರೆಂಟ್ ಹೊಡೆಯುವ ಶಾಕ್ ಕಾಲರ್ ಹೆಸರು ಬಂದರೆ, "ಗ್ಯಾರಂಟಿ" ಅಂದರೆ, ನೋಡಲು ಬಿಡದಿದ್ದರೆ ವಾಪಸ್ ಬನ್ನಿ. ಸರ್ಟಿಫಿಕೇಟ್ ತೋರಿಸಿದರೂ ಕ್ಲಾಸ್ ನೋಡದೆ ಒಪ್ಪಬೇಡಿ.

ಈಗ ಬರುವ ಟ್ರೇನರ್ ಮೇಡಂ ಮೊದಲ ದಿನ ಕೆಂಚನನ್ನು ಮುಟ್ಟಲೇ ಇಲ್ಲ. ಕಿವಿನೋವು, ಕೀಲುನೋವು ಏನಾದರೂ ಇದೆಯಾ ಅಂತ ಡಾಕ್ಟರಿಗೆ ತೋರಿಸಿಕೊಂಡು ಬರಲು ಹೇಳಿದರು. ಆಮೇಲೆ ಹಾಲ್‌ನ ಮೂಲೆಯಲ್ಲಿ ನೆಲದ ಮೇಲೆ ಕೂತು, ಬೇಯಿಸಿದ ಕೋಳಿ ತುಂಡುಗಳನ್ನು ಒಂದೊಂದಾಗಿ ದೂರದಿಂದ ಹಾಕುತ್ತಾ ನಮ್ಮ ಜೊತೆ ಮಾತಾಡಿದರು, ಒಂದು ಗಂಟೆ. ಮನೆಯವರೆಲ್ಲ ಇರಲೇಬೇಕು, ಕಲಿಯಬೇಕಾದವರು ನೀವು ಎಂದರು. ನಾಲ್ಕು ತಿಂಗಳಾಯಿತು. ಬಟ್ಟೆಯ ಹೊಸ ಬೆಲ್ಟ್ ತಂದಿದ್ದೇವೆ, ಸದ್ದು ಮಾಡದ್ದು.

ಹೋದ ವಾರ ಉಗುರು ಕತ್ತರಿಸಲು ಕಾಲು ಹಿಡಿದೆ. ಕೆಂಚ ಮೆಲ್ಲಗೆ ಗುರ್ ಅಂದ. ತಕ್ಷಣ ಕೈ ಬಿಟ್ಟೆ. ಒಳಗೆ ಹೋಗಿ ಅಪ್ಪನಿಗೆ ಹೇಳುವಾಗ ನನಗೆ ಕಣ್ಣೀರು ಬಂತು.