ಡಿಇಎಫ್ ಬಳಸಿ ಬಂದ ಅನುಭವ: ದಾವಣಗೆರೆಯ ಬಿಎಸ್6 ಲಾರಿ

ದಾವಣಗೆರೆಯಿಂದ ಮೆಕ್ಕೆಜೋಳ ತುಂಬಿಕೊಂಡು ನಾಮಕ್ಕಲ್ ಕಡೆಯ ಕೋಳಿ ಫೀಡ್ ಫ್ಯಾಕ್ಟರಿಗಳಿಗೆ ಹೋಗುವ ಬಿಎಸ್6 (ಭಾರತ್ ಸ್ಟೇಜ್ 6, ಹೊಗೆಗೆ ಸರ್ಕಾರ ಹಾಕಿದ ಮಿತಿ) ಲಾರಿ ನಮ್ಮದು. ತಂದ ದಿನದಿಂದ ಡಿಇಎಫ್ (ಡೀಸೆಲ್ ಎಕ್ಸಾಸ್ಟ್ ಫ್ಲೂಯಿಡ್) ಅನ್ನುವ ಯೂರಿಯಾ ನೀರನ್ನು ಅದರ ಬೇರೆ ಟ್ಯಾಂಕಿಗೆ ಹಾಕುತ್ತಿದ್ದೇವೆ, ಹೊಗೆಯ ವಿಷ ಕಡಿಮೆ ಮಾಡಲು. ಸುಮ್ನೆ ದಂಡದ ಖರ್ಚು ಅನ್ನುವ ಡ್ರೈವರ್‌ಗಳು ಈಗಲೂ ಇದ್ದಾರೆ. ನನಗೆ ಹಾಗೆ ಅನ್ನಿಸಿಲ್ಲ.

ಇದು ಡೀಸೆಲ್‌ಗೆ ಬೆರೆಯುವುದಿಲ್ಲ. ಇಂಜಿನ್‌ನ ಜೋರು ಬಿಸಿಗೆ ಗಾಳಿಯಲ್ಲಿರುವ ನೈಟ್ರೋಜನ್ ಆಕ್ಸಿಜನ್ ಜೊತೆ ಸೇರಿ ನೈಟ್ರೋಜನ್ ಆಕ್ಸೈಡ್ ಆಗುತ್ತದೆ, ಎದೆಗೆ ಒಳ್ಳೆಯದಲ್ಲ. ಇಂಜಿನ್ ದಾಟಿ ಬಂದ ಆ ಬಿಸಿ ಹೊಗೆಯ ಮೇಲೆ ಡಿಇಎಫ್ ಸಿಂಪಡಣೆ ಆಗುತ್ತದೆ, ಯೂರಿಯಾ ಒಡೆದು ಅಮೋನಿಯಾ ಬರುತ್ತದೆ, ಮುಂದೆ ಹೊಗೆ ಪೈಪಿನಲ್ಲಿರುವ ಎಸ್‌ಸಿಆರ್ ಕೆಟಲಿಸ್ಟ್‌ನಲ್ಲಿ (ಈ ರಾಸಾಯನಿಕ ಕ್ರಿಯೆ ಮಾಡಿಸುವ ಭಾಗ) ಆ ವಿಷಗಾಳಿ ಬರೀ ನೈಟ್ರೋಜನ್ ಮತ್ತು ನೀರಾವಿ ಆಗಿಬಿಡುತ್ತದೆ. ಹಿಂದಿನ ಬಿಎಸ್4 ಲಾರಿಗಳಿಗೆ ಇಂಜಿನ್ ಕೊಡುವ ಪ್ರತಿ ಕಿಲೋವ್ಯಾಟ್ ಗಂಟೆ ಶಕ್ತಿಗೆ 3.5 ಗ್ರಾಂವರೆಗೆ ನೈಟ್ರೋಜನ್ ಆಕ್ಸೈಡ್ ಬಿಡಲು ಅವಕಾಶ ಇತ್ತು. 2020ರ ಏಪ್ರಿಲ್‌ನಲ್ಲಿ ಬಂದ ಬಿಎಸ್6ನಲ್ಲಿ ಅದು ಅರ್ಧ ಗ್ರಾಂಗಿಂತ ಕಡಿಮೆ. ಕಪ್ಪು ಹೊಗೆ ಹಿಡಿಯುವುದು ಡಿಪಿಎಫ್ ಫಿಲ್ಟರ್, ಅದು ಬೇರೆ ವಿಷಯ.

ಖರ್ಚು? 100 ಲೀಟರ್ ಡೀಸೆಲ್‌ಗೆ ನಾಲ್ಕೈದು ಲೀಟರ್. ಫುಲ್ ಲೋಡ್‌ನಲ್ಲಿ ಘಾಟ್ ಹತ್ತಿದರೆ ಸ್ವಲ್ಪ ಜಾಸ್ತಿ.

ನಿಜವಾದ ತಲೆನೋವು ಮಾಲಿನ ಗುಣಮಟ್ಟ. ಹೈವೇ ಪಕ್ಕದ ಒಂದು ಅಂಗಡಿಯಲ್ಲಿ ಕೊಟ್ಟ ಬಕೆಟ್‌ನ ಸೀಲ್ ಸಡಿಲವಾಗಿತ್ತು. ಟ್ಯಾಂಕಿಗೆ ಸುರಿಯುವ ಮೊದಲು ಮೆಕ್ಯಾನಿಕ್ ಹತ್ತಿರ ಒಯ್ದೆ. ಅವರು ರಿಫ್ರಾಕ್ಟೋಮೀಟರ್ (ಯೂರಿಯಾ ಎಷ್ಟಿದೆ ಅಂತ ತೋರಿಸುವ ಉಪಕರಣ) ಗಾಜಿನ ಮೇಲೆ ಎರಡು ಹನಿ ಬಿಟ್ಟು, ಬೆಳಕಿಗೆ ಹಿಡಿದು, 'ಇಲ್ನೋಡಣ್ಣ' ಅಂತ ನನಗೂ ತೋರಿಸಿದರು. ಗೆರೆ ಶೇಕಡಾ 32.5ರಲ್ಲಿ ನಿಲ್ಲಬೇಕು, ಅಷ್ಟು ಯೂರಿಯಾ, ಉಳಿದದ್ದು ಖನಿಜ ತೆಗೆದ ಶುದ್ಧ ನೀರು. ಗೆರೆ ತುಂಬಾ ಕೆಳಗಿತ್ತು. ಬಕೆಟ್ ವಾಪಸ್ ಕೊಟ್ಟೆ. ಇಂಥದ್ದನ್ನು ಹಾಕಿದರೆ ಸೆನ್ಸರ್ ಗುರುತಿಸುತ್ತದೆ, ಮೀಟರ್‌ನಲ್ಲಿ ಲೈಟ್ ಉರಿಯುತ್ತದೆ, ಆಮೇಲೆ ಇಂಜಿನ್ ಪವರ್ ಇಳಿಯುತ್ತದೆ, ಲೋಡ್ ಗಾಡಿ ಏರಿನಲ್ಲಿ ನಿಂತರೆ ಯಾರನ್ನು ಕೇಳುವುದು? ಹೊಲಕ್ಕೆ ಹಾಕುವ ಬೇವಿನ ಲೇಪನದ ಯೂರಿಯಾ ನೀರಿಗೆ ಕಲಸಿ ಹಾಕಿ ಅನ್ನುವವರ ಮಾತಂತೂ ಕೇಳಲೇಬೇಡಿ. ಅದರ ಕಲ್ಮಶ ಡಿಇಎಫ್ ಸಿಂಪಡಿಸುವ ನಾಜಲ್, ಕೆಟಲಿಸ್ಟ್ ಎರಡನ್ನೂ ಹಾಳು ಮಾಡುತ್ತದೆ.

ನಮ್ಮ ಕಡೆ ಬೇಸಿಗೆ ಬಿಸಿಲು ಗೊತ್ತಲ್ವಾ. 30 ಡಿಗ್ರಿ ದಾಟಿದ ಜಾಗದಲ್ಲಿ ಇಟ್ಟರೆ ಇದು ಬೇಗ ಕೆಡುತ್ತದೆ, ಅದಕ್ಕೇ ನಾನು ಬಕೆಟ್‌ಗಳನ್ನು ಗೋಡೌನ್ ಒಳಗೆ ನೆರಳಲ್ಲಿ ಇಡುತ್ತೇನೆ, ತಗಡಿನ ಶೆಡ್‌ನಲ್ಲಿ ಅಲ್ಲ. ಮುಚ್ಚಳದ ಸುತ್ತ ಉಪ್ಪಿನಂತೆ ಬಿಳಿ ಪುಡಿ ಕಟ್ಟುತ್ತದೆ. ಹೆದರಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಡೀಸೆಲ್ ಹಾಕಿದ ಫನಲ್ ಮಾತ್ರ ಇದಕ್ಕೆ ಬಳಸಬೇಡಿ.

ಕೆಲವು ಕಡೆ ಡಿವೈಸ್ ಕೂಡಿಸಿ ಡಿಇಎಫ್ ಬಂದ್ ಮಾಡಿ ಕೊಡುತ್ತಾರೆ. ಉಳಿಯುವ ದುಡ್ಡು ಎಷ್ಟೇ ಇರಲಿ, ಆ ಹೊಗೆ ಕುಡಿಯುವವರು ಹೈವೇ ಪಕ್ಕದ ನಮ್ಮದೇ ಊರಿನ ಜನ. ನನ್ನ ಗಾಡಿಗೆ ಅದು ಬೇಡ. ಐಎಸ್ಒ 22241 (ಡಿಇಎಫ್ ಗುಣಮಟ್ಟದ ಅಂತರರಾಷ್ಟ್ರೀಯ ಮಾನದಂಡ) ಅಂತ ಮುದ್ರೆ ಇರುವ, ಸೀಲ್ ಗಟ್ಟಿಯಾಗಿರುವ ಬಕೆಟ್ಟೇ ತರುತ್ತೇನೆ, ಸ್ವಲ್ಪ ದುಬಾರಿ ಆದರೂ ಸರಿ.